ಹಡಗಿನಜ್ಜನ ಬಿಲ್ಲೆ

ಬಸವಕಲ್ಯಾಣದ ನಮ್ಮ ತವರುಮನೆಯ ದೇವರ ಜಗಲಿ ಮೇಲೆ ಒಂದು ಬೆಳ್ಳಿಯ ಬಿಲ್ಲೆ ಇದೆ. ದೇವರಲ್ಲ, ನೌಕಾಪಡೆಯ ಪದಕ. ಅದರ ಮೇಲಿರುವ ಇಂಗ್ಲಿಷರ ರಾಣಿಗೆ ಪಾಪ, ದಿನಾ ಕುಂಕುಮ. ನಮ್ಮಪ್ಪನ ಮುತ್ತಜ್ಜ ಆ ರಾಣಿಯ ಕಾಲದಲ್ಲಿ ಹತ್ತಿಯ ಬಂಡಿಗಳ ಜೊತೆ ಮುಂಬಯಿಗೆ ಹೋದವನು ಅಲ್ಲೇ ಯುದ್ಧದ ಹಡಗು ಹತ್ತಿಬಿಟ್ಟನಂತೆ. ಹಡಗಿಗೆ ಬೆಂಕಿ ಬಿದ್ದಾಗ ತಳದಿಂದ ಮೂವರನ್ನು ಹೊತ್ತು ಮೇಲೆ ತಂದನಂತೆ, ಅದಕ್ಕೆ ಈ ಪದಕ. ಮುದುಕನಾಗಿ ಊರಿಗೆ ಮರಳಿ, ಕೋಟೆಯಷ್ಟು ಎತ್ತರದ ಅಲೆ ನೋಡಿದ್ದೇನೆ ಎಂದರೆ ಸಮುದ್ರವನ್ನೇ ಕಾಣದ ಜನ ನಂಬಬೇಕಲ್ಲ! ಬಜಾರದವರು ನಕ್ಕು ಹಡಗಿನಜ್ಜ ಎಂದು ಹೆಸರಿಟ್ಟರು. ಖರೆ ಹೆಸರನ್ನು ಮನೆಯವರೂ ಮರೆತರು.

ನಮ್ಮಲ್ಲಿ ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಇಡುವಾಗ ಒಬ್ಬೊಬ್ಬರ ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ಎಂಬತ್ತು ದಾಟಿದ ಅವ್ವನಿಗೆ ಅದೇ ಚಿಂತೆ ಹತ್ತಿತು.

"ಮಂದಿ ನಕ್ಕು ಇಟ್ಟ ಹೆಸರಿಲೆ ಹಿರ್ಯಾರನ್ನ ಉಣ್ಣಾಕ ಕರೀಬೇಕೇನವಾ? ನಾ ಸಾಯೂದ್ರಾಗ ಒಮ್ಮೆರೆ ಅವರ ಹೆಸರ ಹಿಡದ ಕರೀಬೇಕು" ಅಂದಳು.

ಇಂಥ ಪದಕಗಳ ಅಂಚಿನಲ್ಲಿ ನಾವಿಕನ ಹೆಸರು ಕೊರೆದಿರುತ್ತದೆ ಎಂದು ಎಲ್ಲೋ ಓದಿದ್ದೆ. ಹುಮನಾಬಾದಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು, ಇದು ಯಾವ ಮಹಾ ಕೆಲಸ ಎಂಬ ಸೊಕ್ಕು ಬೇರೆ. ಬರಿಗಣ್ಣಿಗೆ ಅಂಚಿನಲ್ಲಿ ಏನೂ ಕಾಣದಾಗ ಬಿಲ್ಲೆಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಹುಮನಾಬಾದಿನಲ್ಲಿ ಬೆಳ್ಳಿ ಬಂಗಾರದ ಕೆಲಸ ಮಾಡುವ ನಮ್ಮ ಪತ್ತಾರ ಕಣ್ಣಿಗೆ ಭೂತಗನ್ನಡಿ ಹಿಡಿದು ಅಂಚನ್ನೆಲ್ಲ ತಿರುಗಿಸಿ ನೋಡಿದ. ಹೆಸರು ಇತ್ತು, ತಿಕ್ಕಿ ತಿಕ್ಕಿ ಸವೆದಿದೆ, ಒಂದು ಅಕ್ಷರದ ಬಾಲವಷ್ಟೇ ಉಳಿದಿದೆ ಎಂದ. ಅಮಾವಾಸ್ಯೆಗೊಮ್ಮೆ ದೇವರ ಸಾಮಾನಿನ ಜೊತೆ ಹುಣಸೆಹಣ್ಣು, ಬೂದಿ ಹಚ್ಚಿ ಬೆಳಗಿದರೆ ಇನ್ನೇನಾದೀತು?

ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಮರುದಿನ ತವರಿಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಅವ್ವನನ್ನು ಬೈದೆ. ಬೆಂಕಿಯಲ್ಲಿ ಉಳಿದವನನ್ನು ನಿನ್ನ ಹುಣಸೆಹಣ್ಣು ನುಂಗಿತು ಅಂದೆ.

ಅವ್ವ ಬಿಲ್ಲೆಯನ್ನು ಕೈಗೆ ತೆಗೆದುಕೊಂಡಳು. ಅದರ ಅಂಚಿನ ಮೇಲೆ ಬೆರಳಾಡಿಸಿದಳು.

"ನನಗ ಅಕ್ಷರ ಬರೂದಿಲ್ಲ, ನಕ್ಷಿ ಅಂತ ತಿಳದಿದ್ದೆ" ಅಂದಳು. "ನಿನ್ನ ಮದುವಿ ಆಗೂತನಾ ಅಮಾಸಿಗೊಮ್ಮೆ ಇದನ್ನ ಬೆಳಗಾಕಿ ನೀನ ಇದ್ದಿ. ಇಂಗ್ಲಿಷ್ ಕಲಿಯಾಕತ್ತಿದ್ದಿ. ಒಂದ್ ಸಲಾನೂ ಯಾಕ ಓದ್ಲಿಲ್ಲವಾ?"

ಚುಚ್ಚಲು ಕೇಳಿದ್ದಲ್ಲ, ತಿಳಿಯದೆ ಕೇಳಿದಳು. ನಾನು ಬಿಲ್ಲೆಯನ್ನು ತೆಗೆದು ಮತ್ತೆ ಜಗಲಿ ಮೇಲೆ ಇಟ್ಟೆ. ಈ ವರ್ಷದ ಎಡೆಗೂ ಅವ್ವ, "ಹಡಗಿನಜ್ಜಾ, ಉಣ್ಣಾಕ ಬರ್ರಿ" ಅಂತಲೇ ಕರೆದಳು. ಪಕ್ಕದಲ್ಲಿ ಕೂತ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.