ಕಡಲೆಕಾಯಿ ಎಣ್ಣೆ ಕುಡಿದ ಫಟ್‌ಫಟಿ

ನನಗೆ ಸಿಟ್ಟು ಬಂದಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಮುಖ ನೋಡಿ ಸಿಟ್ಟನ್ನು ಕಂಡುಹಿಡಿಯುವುದು ಕಷ್ಟವೆಂದು, ಚಳ್ಳಕೆರೆಯ ಕಚೇರಿಯಲ್ಲಿ ನನ್ನೆದುರು ವಾದ ಮಾಡುವ ವಕೀಲರೆಲ್ಲ ದೂರುತ್ತಾರೆ. ಸಾಮಾನ್ಯವಾಗಿ ನನ್ನ ಸಿಟ್ಟು ಒಂದು ಊಟಕ್ಕೆ ಇಳಿಯುತ್ತದೆ. ಈ ಸಲ ಒಂಬತ್ತು ದಿನದಿಂದ ಎರಡು ಹೊತ್ತೂ ಊಟ ಮಾಡುತ್ತಿದ್ದೇನೆ. ಮುದ್ದೆ ಇಳಿಯುತ್ತಿದೆ, ಸಿಟ್ಟು ಇಳಿಯುತ್ತಿಲ್ಲ.

ಮೂಲ ನನ್ನ ಮೋಟಾರ್ ಸೈಕಲ್ಲು. ಊರಿನವರ ಬಾಯಲ್ಲಿ ಅದು ಫಟ್‌ಫಟಿ. ದೊಡ್ಡ ಯುದ್ಧ ಮುಗಿದ ಮೇಲೆ, ಈ ಸೀಮೆಯಲ್ಲಿ ಸರ್ವೆ ಮಾಡುತ್ತಿದ್ದ ದೊರೆಯೊಬ್ಬ ಸ್ವದೇಶಕ್ಕೆ ಹೊರಡುವಾಗ ಅದನ್ನು ನನಗೆ ಮಾರಿದ. ದೂರದ ಸರ್ಕೀಟಿಗೆಂದೇ ಮಾಡಿದ ಗಾಡಿ: ಅಗಲವಾದ ತೊಗಲಿನ ಸೀಟು, ಹಿಂದೆ ಎರಡು ತಗಡಿನ ಪೆಟ್ಟಿಗೆ, ಮುಂದೆ ಗ್ಯಾಸಿನ ದೀಪ. ನನ್ನ ಕೈಗೆ ಬರುವಾಗಲೇ ಅದಕ್ಕೆ ಮಧ್ಯವಯಸ್ಸು ದಾಟಿತ್ತು. ದೊರೆ ನನ್ನ ಕೈ ಕುಲುಕಿದವನು ಬಹಳ ಹೊತ್ತು ಬಿಡಲಿಲ್ಲ. ಅದನ್ನು ಸ್ನೇಹವೆಂದುಕೊಂಡಿದ್ದೆ. ಈಗ ಯೋಚಿಸಿದರೆ, ಸಾವಿನ ಮನೆಯಲ್ಲಿ ಹಾಗೆ ಕೈ ಹಿಡಿಯುತ್ತಾರೆ.

ಹಳೆಯ ಯಂತ್ರವನ್ನು ಇಟ್ಟುಕೊಂಡವನಿಗೆ ಭಾನುವಾರವೆಂಬುದಿಲ್ಲ. ಜಗಲಿಯ ಮುಂದೆ ಗೋಣಿತಟ್ಟು ಹಾಸಿ, ಪ್ಲಗ್ಗು ಬಿಚ್ಚಿ ಮಸಿ ಕೆರೆಯಬೇಕು. ಹಿಂದಿನ ಚಕ್ರ ತಿರುಗಿಸುವ ತೊಗಲಿನ ಪಟ್ಟಿ ಹಿಗ್ಗಿದ್ದರೆ ಅದನ್ನು ಕತ್ತರಿಸಿ ಮತ್ತೆ ಹೊಲಿಸಬೇಕು. ಸಡಿಲವಾದ ತಿರುಪುಗಳನ್ನು ಬಿಗಿಮಾಡಬೇಕು. ಇಷ್ಟನ್ನು ಮಾಡಲು ನನಗೆ ಬೇಸರವಿಲ್ಲ. ಬೇಸರ ಸುತ್ತ ನಿಲ್ಲುವ ಪಂಡಿತರದ್ದು. ಎತ್ತು ಸಾಕಿದವರಿಗೆ, ಯಂತ್ರವೆಂದರೆ ಯಂತ್ರವೇ ಎಂದು ನಂಬಿಸುವುದು ಬ್ರಹ್ಮನಿಗೂ ಆಗದು. “ಅದಕ್ಕೆ ಶೀತ ಆಗೈತ್ರಿ ವಕೀಲ್ರೇ, ಅದಕ್ಕೇ ಕೆಮ್ತೈತೆ” ಎನ್ನುತ್ತಾನೆ ಒಬ್ಬ. “ಲೇ, ಶೀತ ಅಲ್ಲ ಕಣಲೇ, ದೃಷ್ಟಿ” ಎನ್ನುತ್ತಾನೆ ಇನ್ನೊಬ್ಬ. ಬರೆ ಹಾಕಿದರೆ ಸರಿಹೋಗುತ್ತದೆ ಎಂದು ಮೂರನೆಯವನು ಹೇಳಿದ ದಿನ, ನಾನು ಅವನಿಗೇ ಹಾಕುವವನಿದ್ದೆ. ಸ್ಪ್ಯಾನರು ಬಿಸಿಯಿರಲಿಲ್ಲ.

ಪೆಟ್ರೋಲಿನ ಮಾತು ಬೇರೆ; ಇದರ ಎಂಜಿನ್ನು ಕಚ್ಚಿಕೊಳ್ಳದಿರಲು ಬೇಕಾದದ್ದು ಹರಳೆಣ್ಣೆ. ನಾಲ್ಕೈದು ಮೈಲಿಗೊಮ್ಮೆ ಎಣ್ಣೆಯ ಟಾಂಕಿಯ ಪಕ್ಕದ ಪಂಪು ಒತ್ತಿ ಒಂದು ಗುಟುಕು ಕುಡಿಸಬೇಕು. ಕುಡಿದದ್ದನ್ನು ಅದು ಹೊಗೆಮಾಡಿ ಹಿಂದಕ್ಕೆ ಬಿಡುತ್ತದೆ, ಕೃತಜ್ಞತೆಯೇನೂ ಇಲ್ಲ. ಮತ್ತೆ ಗುಟುಕು.

ಈಗ ನನ್ನ ತಂಗಿಯ ವಿಷಯಕ್ಕೆ ಬರುತ್ತೇನೆ. ಗೌರಿಯನ್ನು ಮೊಳಕಾಲ್ಮೂರಿಗೆ ಕೊಟ್ಟಿದ್ದೇವೆ, ರೇಷ್ಮೆ ಸೀರೆ ವ್ಯಾಪಾರದ ಮನೆ. ಮದುವೆಯಾದ ಎಂಟು ವರ್ಷಕ್ಕೆ ಅವಳಿಗೊಂದು ಗಂಡು ಮಗು ಆಯಿತು. ತೊಟ್ಟಿಲಿಗಿಡುವ ದಿನ ಸೋದರಮಾವನಾದ ನಾನು ಫಟ್‌ಫಟಿ ಏರಿ ಹೊರಟೆ. ನಮ್ಮ ಸೀಮೆಯಲ್ಲಿ ಮಳೆ ಬರುವುದು ಅಪರೂಪ, ಅಂದು ಬಂತು. ಕಿಡಿ ಹುಟ್ಟಿಸುವ ಮ್ಯಾಗ್ನೆಟೋಗೆ ನೀರು ಸೇರಿ, ಕಿಡಿ ಸತ್ತು, ಗಾಡಿ ನಡುದಾರಿಯಲ್ಲಿ ನಿಂತು, ಮಗುವಿಗೆ ನಾನಿಲ್ಲದೆಯೇ ಹೆಸರಾಯಿತು. ಗೌರಿ ಆರು ತಿಂಗಳು ಮಾತು ಬಿಟ್ಟಳು. ಆಮೇಲೆ ಭಾವನ ಕೈಯಲ್ಲಿ ಒಂದು ಕಾಗದ ಬರೆಸಿದಳು: ಇಂಥ ದಿನ ಒಂಬತ್ತು ಗಂಟೆಗೆ ಮಗುವಿನ ಜವಳ. ಮೊದಲ ಕೂದಲು ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಅಣ್ಣ ಬಂದರೆ ಅಣ್ಣನ ತೊಡೆ. ಬಾರದಿದ್ದರೆ ತವರಿನ ದಾಯಾದಿಯಲ್ಲಿ ಯಾರನ್ನಾದರೂ ಅಣ್ಣ ಎಂದು ಕರೆದು ಕೂರಿಸುತ್ತೇನೆ, ಅಂದಿನಿಂದ ಅವನೇ ಅಣ್ಣ.

ವಕೀಲನಾಗಿ ಎಷ್ಟೋ ನೋಟೀಸು ಓದಿದ್ದೇನೆ. ಇಷ್ಟು ಸ್ಪಷ್ಟವಾದದ್ದನ್ನು ಓದಿರಲಿಲ್ಲ.

ನೀವು ಕೇಳಬಹುದು, ಹಿಂದಿನ ದಿನವೇ ಕಮಾನುಗಾಡಿ ಕಟ್ಟಿಸಿ ಹೋಗಬಾರದಿತ್ತೇ ಎಂದು. ನನ್ನ ಹೆಂಡತಿಯೂ ಇದನ್ನೇ ಕೇಳಿದಳು. ಒಂದು ಸಲ ನಡುದಾರಿಯಲ್ಲಿ ಕೈಕೊಟ್ಟ ವಾಹನವನ್ನು ಅದೇ ದಾರಿಯಲ್ಲಿ ಓಡಿಸಿ ತೋರಿಸದೆ ಇರುವುದು ನನಗೂ ಅದಕ್ಕೂ ಅವಮಾನ ಎಂದು ಗಂಭೀರವಾಗಿ ಉತ್ತರಿಸಿದೆ. ಅವಳು ಮಕ್ಕಳನ್ನು ಕರೆದುಕೊಂಡು ಹಿಂದಿನ ದಿನವೇ ಕಮಾನುಗಾಡಿಯಲ್ಲಿ ಹೋದಳು.

ಆ ದಿನ ಮಧ್ಯಾಹ್ನ ಹರಳೆಣ್ಣೆ ತುಂಬಿಸಲು ಗಾಣದ ಮಲ್ಲಪ್ಪನ ಮನೆಗೆ ಗಾಡಿ ನೂಕಿಕೊಂಡು ಹೋದೆ. ಮಲ್ಲಪ್ಪ ನನ್ನ ಹಳೆಯ ಕಕ್ಷಿದಾರ. ಅವನ ಹೊಲದ ದಾವೆ ಗೆದ್ದುಕೊಟ್ಟವನು ನಾನು. ಕುಡಿಯಲು ಮಜ್ಜಿಗೆ ತರಿಸಿಕೊಟ್ಟ. ಫಟ್‌ಫಟಿಯ ದೀಪಕ್ಕೆ ಮೂರು ಬೆರಳು ವಿಭೂತಿ ಎಳೆದ. ಆಮೇಲೆ ಒಳಗಿನಿಂದ ತಾಮ್ರದ ಕೊಡ ಹೊತ್ತು ತಂದು, ತಾನೇ ಬಗ್ಗಿ ಎಣ್ಣೆಯ ಟಾಂಕಿಗೆ ಸುರಿಯತೊಡಗಿದ. ಬಣ್ಣ ತೆಳ್ಳಗಿತ್ತು. ಘಮ ಬೇರೆ ಇತ್ತು.

“ಮಲ್ಲಪ್ಪಾ, ಇದು ಹರಳೆಣ್ಣೆಯೇನಯ್ಯಾ?”

“ಹರಳೆಣ್ಣೆ ಏನ್ ಬಂತ್ರಿ? ಅದು ದೀಪಕ್ಕೆ, ಗಾಡಿ ಅಚ್ಚಿಗೆ, ಹೊಟ್ಟೆ ಕಟ್ಟಿದೋರ್ಗೆ. ನಿಮ್ಮ ಗಾಡಿ ನನ್ನ ಬಾಗಿಲಿಗೆ ಬಂದೈತೆ. ನಿನ್ನೆ ಆಡಿಸಿದ ಕಡಲೆಕಾಯಿ ಎಣ್ಣೆ, ನಾವು ಹಬ್ಬಕ್ಕೆ ಇಟ್ಕೊಂಡಿದ್ದು. ಕುಡೀಲಿ ಬಿಡ್ರಿ.”

ನಮ್ಮ ಕಡೆ, ಬಾಗಿಲಿಗೆ ಬಂದವರಿಗೆ ಬಡಿಸಿದ್ದನ್ನು ಬೇಡವೆನ್ನುವುದೆಂದರೆ ಆ ಮನೆಗೆ ಇನ್ನು ಬರುವುದಿಲ್ಲ ಎಂದು ಹೇಳಿದಂತೆ. ಎಲೆಯ ಮುಂದೆ ಕೂತವನು ಕೈ ಅಡ್ಡ ಹಿಡಿಯಬಹುದು, ಟಾಂಕಿಗೆ ಕೈಯೆಲ್ಲಿದೆ? ಅದರ ಪರವಾಗಿ ನಾನು ಹಿಡಿಯಬೇಕಿತ್ತು. ಕಚೇರಿಯಲ್ಲಿ ಅಮಲ್ದಾರರ ಮಾತನ್ನೇ ಅಡ್ಡಗಟ್ಟುವ ನಾನು ಮಲ್ಲಪ್ಪನ ಬಗ್ಗಿದ ಬೆನ್ನು ನೋಡಿ ಸುಮ್ಮನೆ ನಿಂತೆ. ಮೂವತ್ತು ಚಿಲ್ಲರೆ ಮೈಲಿ ತಾನೆ, ಏನಾದೀತು ಎಂದುಕೊಂಡೆ. ಈ ಒಂದು ವಾಕ್ಯದಿಂದ ಎಷ್ಟು ರಾಜ್ಯಗಳು ಮುಳುಗಿವೆಯೋ ಇತಿಹಾಸಕಾರರು ಹೇಳಬೇಕು.

ಮರುದಿನ ಬೆಳಕು ಹರಿಯುವ ಮೊದಲೇ ಹೊರಟೆ. ಹತ್ತು ಮೈಲಿ ಗಾಡಿ ಓಡಿದ್ದು ನೋಡಿದರೆ ಮಲ್ಲಪ್ಪನೇ ಸರಿಯೇನೋ ಅನ್ನಿಸಿತು. ಆಮೇಲೆ ಎಂಜಿನ್ನು ಕಾದು, ಹಿಂದೆ ಬಜ್ಜಿ ಕರಿಯುವ ವಾಸನೆ ಎದ್ದಿತು. ಮುಂದಿನ ಹಳ್ಳಿಯಲ್ಲಿ ನಾಲ್ಕು ನಾಯಿಗಳು ಬೊಗಳದೆ, ಭಕ್ತಿಯಿಂದ ಹಿಂಬಾಲಿಸಿದವು. ಬಾವಿಕಟ್ಟೆಯಲ್ಲಿದ್ದ ಮುದುಕಿಯೊಬ್ಬಳು ಬಿಂದಿಗೆ ಕೆಳಗಿಟ್ಟು, “ಯಾರ ಮನ್ಯಾಗ್ಲೋ ಮದುವಿ?” ಎಂದು ಕೂಗಿದಳು. ಬಿ.ಜಿ. ಕೆರೆ ಎಂಬ ಊರು ಇನ್ನೂ ಅರ್ಧ ಮೈಲಿ ಇರುವಾಗ ಎಂಜಿನ್ನು ಒಮ್ಮೆ ಕಿರುಗುಟ್ಟಿ, ಕಚ್ಚಿಕೊಂಡು, ಹಿಂದಿನ ಚಕ್ರವನ್ನೂ ಹಿಡಿದು ನಿಂತಿತು. ಗಡಿಯಾರ ನೋಡಿದೆ: ಏಳೂವರೆ.

ತೆಗೆದು, ಒರೆಸಿ, ಬೈದು ನೋಡಿದೆ. ಅಲ್ಲಾಡಲಿಲ್ಲ. ಅಷ್ಟರಲ್ಲಿ ಹುಲ್ಲು ಇಳಿಸಿ ವಾಪಸ್ಸು ಹೊರಟ ಒಂದು ಎತ್ತಿನ ಗಾಡಿ ಬಂತು. ಹೊಡೆಯುತ್ತಿದ್ದವನು ಓಬಯ್ಯ, ಮೊಳಕಾಲ್ಮೂರಿನ ಆಚೆಯವನು; ಗಡಿಸೀಮೆಯವನಾದ್ದರಿಂದ ಮಾತಲ್ಲಿ ತೆಲುಗು ಬೆರೆಯುತ್ತಿತ್ತು. ಇಳಿದು ಬಂದು ಎಂಜಿನ್ನಿನ ಮೇಲೆ ಅಂಗೈಯಿಟ್ಟು ಸರಕ್ಕನೆ ತೆಗೆದ.

“ಪಾಪಂ! ಮೈ ಸುಡ್ತೈತೆ ಸಾಮಿ. ಉಸಿರೈತಾ?”

“ಇಲ್ಲ.”

“ಏಂ ತಿನ್ಸಿದ್ರಿ?”

ಹೇಳಿದೆ. ಅವನು “ನಮಗೇ ಸಿಗವಲ್ದು ಅದು” ಎಂದ.

ಫಟ್‌ಫಟಿಯ ತೊಗಲಿನ ಪಟ್ಟಿ ಬಿಚ್ಚಿ ಚಕ್ರ ಬಿಡಿಸಿಕೊಂಡು, ಅದನ್ನು ಎತ್ತಿನ ಗಾಡಿಯ ಹಿಂದೆ ಹಗ್ಗದಿಂದ ಕಟ್ಟಿದೆವು. ಯಾರಾದರೂ ಹ್ಯಾಂಡಲು ಹಿಡಿಯಬೇಕಲ್ಲ? ನಾನೇ ಕೂತೆ. ಕೋಟು, ಜರಿ ರುಮಾಲು, ಧೂಳಿನ ಕನ್ನಡಕ, ಕೆಳಗೆ ದೂರದ ಸರ್ಕೀಟಿನ ಯಂತ್ರ, ಮುಂದೆ ಎರಡು ಎತ್ತಿನ ಬಾಲ. ದಾರಿಯಲ್ಲಿ ಸಿಕ್ಕವರೆಲ್ಲ ಕೈಮುಗಿದರು. ಯಾವುದೋ ದೇವರನ್ನು ಸಾಗಿಸುತ್ತಿದ್ದಾರೆ ಎಂದುಕೊಂಡರೋ ಏನೋ. ಗಾಡಿಯ ಅಡಿಯಲ್ಲಿ, ನನ್ನ ಕಣ್ಣೆದುರಿಗೇ, ಬಿದಿರಿನ ಕೊಳವೆಯೊಂದು ತೂಗುತ್ತಿತ್ತು. ಅದರೊಳಗಿದ್ದದ್ದು ಅಚ್ಚಿಗೆ ಹಚ್ಚುವ ಕೀಲೆಣ್ಣೆ: ಸುಟ್ಟ ಹುಲ್ಲಿನ ಮಸಿ ಕಲಸಿದ ಹರಳೆಣ್ಣೆ. ಮಸಿ ಸೇರಿದ್ದರಿಂದ ನನ್ನ ಎಂಜಿನ್ನಿಗೆ ಬಾರದು. ಓಬಯ್ಯನ ಗಾಡಿಯ ಅಚ್ಚಿಗೆ ಸಿಕ್ಕಿದ ಎಣ್ಣೆ ನನಗೆ ಸಿಗಲಿಲ್ಲವಲ್ಲ ಎಂದು ನಾಲ್ಕು ಗಂಟೆ ಕಾಲ ಆ ಕೊಳವೆಯನ್ನು ನೋಡುತ್ತಲೇ ಹೋದೆ.

ಆ ಕಡೆಯ ಗುಡ್ಡಗಳಲ್ಲಿ, ಜಟಿಂಗ ರಾಮೇಶ್ವರದ ಬಂಡೆಯ ಮೇಲೆ, ಅಶೋಕ ಚಕ್ರವರ್ತಿ ಪ್ರಜೆಗಳಿಗೆ ಬುದ್ಧಿ ಕೆತ್ತಿಸಿದ್ದಾನೆ. ಹಿರಿಯರ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ ಎಂಬ ಅರ್ಥದ ಮಾತುಗಳೆಂದು ಓದಬಲ್ಲವರು ಹೇಳುತ್ತಾರೆ. ಪ್ರಾಣಿಗಳು ಸರಿ, ಪ್ರಾಣವಿದ್ದಂತೆ ನಟಿಸುವ ಯಂತ್ರಗಳ ವಿಷಯದಲ್ಲಿ ಅವನು ಮೌನಿ. ಒಂದು ಫಟ್‌ಫಟಿ ಇದ್ದಿದ್ದರೆ ಚಕ್ರವರ್ತಿ ಕಳಿಂಗಕ್ಕೆ ತಲುಪುತ್ತಲೇ ಇರಲಿಲ್ಲ, ಪಶ್ಚಾತ್ತಾಪದ ಪ್ರಶ್ನೆಯೂ ಬರುತ್ತಿರಲಿಲ್ಲ. ಹೀಗೆಲ್ಲ ಯೋಚಿಸುತ್ತಿದ್ದಾಗ ಒಂಬತ್ತು ದಾಟಿತು. ಆಗ ಯೋಚನೆ ನಿಂತಿತು. ಯಾರ ತೊಡೆಯ ಮೇಲೆ ಕೂರಿಸಿರಬಹುದು? ನಮ್ಮ ದಾಯಾದಿಯಲ್ಲಿ ಅಗಲ ತೊಡೆಯ ಒಬ್ಬ ಸಾಹುಕಾರನಿದ್ದಾನೆ. ಅವನೇ ಇರಬೇಕು. ಹತ್ತಕ್ಕೆ ಅವನನ್ನು ದ್ವೇಷಿಸಿದೆ. ಹನ್ನೊಂದಕ್ಕೆ ಮಲ್ಲಪ್ಪನನ್ನು. ಆಮೇಲೆ ಬಗ್ಗಿದ ಬೆನ್ನಿನೆದುರು ಸುಮ್ಮನೆ ನಿಂತವನನ್ನು.

ಗೌರಿಯ ಮನೆ ಮುಂದೆ ಓಬಯ್ಯ ಎತ್ತು ನಿಲ್ಲಿಸಿದಾಗ ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಬಾಕಿ. ಚಪ್ಪರದ ಕೆಳಗೆ ಜನ. ಗೌರಿ ಬಾಗಿಲಿಗೆ ಬಂದಳು. ಕಂಕುಳಲ್ಲಿ ಮಗು, ತಲೆತುಂಬ ಗುಂಗುರು ಕೂದಲು.

“ಬಂದ್ಯಾ? ಕಾಲು ತೊಳ್ಕಾ. ಮುಹೂರ್ತಕ್ಕೆ ಇನ್ನಾ ಹೊತ್ತೈತೆ.”

“ಒಂಬತ್ತಕ್ಕೆ ಅಂತ ಬರೆಸಿದ್ದೆ?”

“ನಿಂಗೆ ಒಂಬತ್ತು. ಮಿಕ್ಕೋರ್ಗೆಲ್ಲ ಹನ್ನೆರಡು.”

“ಯಾಕೆ?”

“ನೀನು ಅದ್ರ ಮ್ಯಾಲೇ ಬರ್ತೀಯಾ ಅಂತ ಗೊತ್ತಿತ್ತು. ಕೆಟ್ರೆ ಎತ್ತಿನ ಹಿಂದೆ ಕಟ್ಟಿಸ್ಕೊಂಡು ಬರಾಕೆ ಎಷ್ಟೊತ್ತು ಬೇಕು ಅಂತ ನಮ್ಮನೆಯವ್ರು ಲೆಕ್ಕ ಹಾಕಿದ್ರು. ಅತ್ತಿಗೆಗೂ ಹೇಳಿದ್ದೆ, ಬಾಯಿ ಬಿಡಬ್ಯಾಡ ಅಂತ.” ಮೂಗು ಮುಚ್ಚಿಕೊಂಡಳು. “ಅಣ್ಣಾ, ಇದೇನೋ ನೀನು ಬಜ್ಜಿ ವಾಸ್ನೆ ಹೊಡೀತೀಯಾ?”

ಹಿಂದಿನಿಂದ ನನ್ನ ಹೆಂಡತಿ ಕಾಲಿಗೆ ನೀರು ತಂದಿಟ್ಟು ಒಳಗೆ ಹೋದಳು.

ಮೂರು ಗಂಟೆ ತಡವನ್ನು ನನ್ನ ಹೆಸರಿಗೆ ಮೊದಲೇ ಬರೆದಿಟ್ಟು, ಅದಕ್ಕೆ ತಕ್ಕಂತೆ ಪಂಚಾಂಗವನ್ನೇ ತಿದ್ದಿದ್ದರು! ಸುಳ್ಳು ನೋಟೀಸು, ಒಳಸಂಚು, ನನ್ನದೇ ಮನೆಯ ಸಾಕ್ಷಿ. ವಾದ ಮಾಡಲು ಇಷ್ಟು ಒಳ್ಳೆಯ ಪ್ರಕರಣ ನನ್ನ ವೃತ್ತಿಯಲ್ಲೇ ಸಿಕ್ಕಿರಲಿಲ್ಲ. ಮಣೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದೆ. ಅಷ್ಟರಲ್ಲಿ ಗೌರಿ ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಅದು ನನ್ನ ಮಸಿ ಹಿಡಿದ ಹೆಬ್ಬೆರಳನ್ನು ಹಿಡಿದು ನೇರವಾಗಿ ಬಾಯಿಗಿಟ್ಟುಕೊಂಡಿತು. ಸಿಟ್ಟಿಗೆ ಕೂರಲು ಜಾಗವೇ ಉಳಿಯಲಿಲ್ಲ. ಅದಕ್ಕೇ ಇರಬೇಕು, ಒಂಬತ್ತು ದಿನವಾದರೂ ಅದು ಇನ್ನೂ ನಿಂತೇ ಇದೆ.