ಮಾವಶಿ ಒಂದು ದಿನ ಪೊಲೀಸ್ ಆದದ್ದು

ಮೊನ್ನೆ ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಆಗಷ್ಟೇ ಒರೆಸಿದ್ದ ನೆಲದಿಂದ ಫಿನೈಲ್ ವಾಸನೆ ಬಂತು. ಕಾಲು ಮುಂದಕ್ಕೆ ಹೋಗಲಿಲ್ಲ. ಹಳಿಯಾಳದ ನಮ್ಮ ಓಣಿಯಲ್ಲಿ ನಾವೆಲ್ಲ ಚಿಕ್ಕಮ್ಮನೆಂಬಂತೆ ಮಾವಶಿ ಎಂದು ಕರೆಯುತ್ತಿದ್ದ ಪಕ್ಕದ ಮನೆಯವಳ ಸೆರಗಿಗೆ ಸದಾ ಇದೇ ವಾಸನೆ ಇರುತ್ತಿತ್ತು...

ಮಾವಶಿ ಪೊಲೀಸ್ ಠಾಣೆಯಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸಕ್ಕಿದ್ದಳು. ಕಾಡಂಚಿನ ಸಿದ್ದಿ ಜನರ ಹಳ್ಳಿಯಿಂದ ಮದುವೆಯಾಗಿ ಬಂದವಳು, ಗಂಡ ತೀರಿದ ಮೇಲೆ ಒಬ್ಬಳೇ ದುಡಿದು ಮಗಳನ್ನು ಬೆಳೆಸುತ್ತಿದ್ದಳು. ಸಂಜೆ ಕಟ್ಟೆಯ ಮೇಲೆ ಕೂತು ಠಾಣೆಯವರು ಮಾತಾಡುವ ಧಾಟಿಯನ್ನು ಹಾಗೆಯೇ ಆಡಿ ತೋರಿಸುತ್ತಿದ್ದಳು. ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು. ಅವಳ ಮಗಳೊಬ್ಬಳೇ ನಾಚಿ ಒಳಗೆ ಹೋಗುತ್ತಿದ್ದಳು.

ನಾನಾಗ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ದಾಂಡೇಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗನ ಜೊತೆ, ಮನೆಯಲ್ಲಿ ಸ್ಪೆಷಲ್ ಕ್ಲಾಸ್ ಎಂದು ಸುಳ್ಳು ಹೇಳಿ, ಒಮ್ಮೆ ಗಣೇಶಗುಡಿಗೆ ಹೋಗಿದ್ದೆ. ಹೊಳೆಯ ದಂಡೆಯಲ್ಲಿ ಇಬ್ಬರೂ ಫೋಟೋ ತೆಗೆದುಕೊಂಡಿದ್ದೆವು. ಆಮೇಲೆ ನಾನು ಅವನ ಸಹವಾಸ ಬೇಡವೆಂದಾಗ, ಕರೆದಾಗೆಲ್ಲ ಬರದಿದ್ದರೆ ಆ ಫೋಟೋವನ್ನು ಅಪ್ಪನ ಮೊಬೈಲಿಗೆ ಕಳಿಸುವುದಾಗಿ ಹೆದರಿಸತೊಡಗಿದ. ಅಪ್ಪ ಅದನ್ನು ನೋಡಿದ್ದರೆ ನನ್ನ ಓದು ಅಂದಿಗೇ ಮುಗಿಯುತ್ತಿತ್ತು.

ಹಿತ್ತಿಲಲ್ಲಿ ಅಳುತ್ತಿದ್ದ ನನ್ನನ್ನು ಕಂಡು ಮಾವಶಿ ಎಲ್ಲ ಕೇಳಿಕೊಂಡಳು. ಬಾ, ಸಾಹೇಬರಿಗೆ ಹೇಳೋಣ ಎಂದಳು. ಠಾಣೆಯಲ್ಲಿ ಅಪ್ಪನ ಗೆಳೆಯರಿದ್ದಾರೆ, ಬೇಡ ಎಂದು ಅವಳ ಕೈ ಹಿಡಿದುಕೊಂಡೆ. ಆಮೇಲೆ ಅವನ ನಂಬರ್ ಕೇಳಿ ತನ್ನ ಫೋನಿನಿಂದಲೇ ಹಚ್ಚಿದಳು.

"ಹಳಿಯಾಳ ಠಾಣೆಯಿಂದ ಮೇಡಂ ಮಾತಾಡಾಕತ್ತೇನಿ. ಹೆಣ್ಣಮಕ್ಕಳ ಫೋಟೋ ಇಟ್ಕೊಂಡು ಹೆದರಸ್ತಿ ಏನು? ಈಗಿಂದೀಗ ಅಳಸು. ಇನ್ನೊಮ್ಮೆ ಆ ಹುಡುಗಿ ತಂಟೆಕ್ಕ ಹೋದ್ರ ಒಳಗ ಹಾಕ್ತೇನಿ."

ಕಟ್ಟೆಯ ಮೇಲೆ ನಮ್ಮನ್ನು ನಗಿಸುತ್ತಿದ್ದ ಅದೇ ಠಾಣೆಯ ಧಾಟಿ. ಅವತ್ತಿನಿಂದ ಆ ಹುಡುಗ ನನ್ನ ಕಡೆ ತಲೆ ಎತ್ತಿ ನೋಡಲಿಲ್ಲ.

ಆದರೆ ಅವನು ಗಾಬರಿಯಾಗಿ ಮನೆಯಲ್ಲಿ ಠಾಣೆಯಿಂದ ಫೋನ್ ಬಂದಿತ್ತು ಎಂದಷ್ಟೇ ಹೇಳಿದ್ದ. ಅವನಪ್ಪ ಮಗನನ್ನು ಕರೆದುಕೊಂಡು ನೇರವಾಗಿ ಠಾಣೆಗೇ ಬಂದುಬಿಟ್ಟರು. ಅಲ್ಲಿ ಯಾವ ಮೇಡಮ್ಮೂ ಅವನಿಗೆ ಫೋನ್ ಮಾಡಿರಲಿಲ್ಲ. ನಂಬರ್ ನೋಡಿದರೆ, ಆಗ ಅದೇ ಕೋಣೆಯಲ್ಲಿ ನೆಲ ಒರೆಸುತ್ತಿದ್ದ ಮಾವಶಿಯದು. ಸಿಟ್ಟಿಗೆದ್ದ ಹುಡುಗನ ಅಪ್ಪ ದೂರು ಕೊಟ್ಟರು. ಹುಡುಗ ಫೋಟೋದ ಮಾತೇ ಎತ್ತಲಿಲ್ಲ. ಮಾವಶಿಯೂ ಎತ್ತಲಿಲ್ಲ.

ಪೊಲೀಸ್ ಅಧಿಕಾರಿ ಎಂದು ಸುಳ್ಳು ಹೇಳಿ ಬೆದರಿಸಿದ ಕೇಸು ಅವಳ ಮೇಲೆ ಬಿತ್ತು. ಜಾಮೀನು ಸಿಕ್ಕಿತು, ಕೆಲಸ ಹೋಯಿತು. ನಾನು ನಿಜ ಹೇಳಿಬಿಡುತ್ತೇನೆ ಎಂದು ಹೋದಾಗ ಮಾವಶಿ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ನೀ ಹೇಳಿದ್ರ ನಾ ಮಾಡಿದ್ದು ಯಾತಕ್ಕೂ ಬರಂಗಿಲ್ಲ. ಸುಮ್ಮನ ಓದಾಕ ಹೋಗು."

ಆ ಮಾತಿನಿಂದ ನನಗೆ ಸಮಾಧಾನವಾಯಿತು. ಅದನ್ನು ಇವತ್ತು ಒಪ್ಪಿಕೊಳ್ಳಬೇಕು.

ಕೇಸು ವರ್ಷದ ಮೇಲೆ ನಡೆಯಿತು. ಮಾವಶಿ ತಪ್ಪೊಪ್ಪಿಕೊಂಡ ದಿನ ನಾನು ಕೋರ್ಟಿನ ಹಿಂದಿನ ಬೆಂಚಿನಲ್ಲಿದ್ದೆ. ಯಾಕೆ ಹೀಗೆ ಮಾಡಿದೆ ಎಂದು ನ್ಯಾಯಾಧೀಶರು ಕೇಳಿದರು. ಅವಳು ಸೆರಗು ಸರಿಮಾಡಿಕೊಂಡು, "ದಿನಾ ಅವರನ್ನ ನೋಡಿ ನೋಡಿ, ಒಂದ್ ದಿನಾ ನಾನೂ ಪೊಲೀಸ್ ಆಗಬೇಕು ಅಂತ ಆಶಾ ಆತ್ರಿ" ಎಂದಳು. ಕೋರ್ಟಿನಲ್ಲಿ ಕೆಲವರು ನಕ್ಕರು. ನಾನು ಎದ್ದು ನಿಲ್ಲಲಿಲ್ಲ.

ದಂಡ ಹಾಕಿ, ಆ ದಿನದ ಕಲಾಪ ಮುಗಿದು ಕೋರ್ಟು ಏಳುವವರೆಗೆ ಅಲ್ಲೇ ಕೂರಬೇಕೆಂದು ಶಿಕ್ಷೆ ಕೊಟ್ಟರು. ಸಂಜೆಯವರೆಗೆ ಗೋಡೆಗೊರಗಿ ಕೂತಿದ್ದಳು. ನಾನು ಪಕ್ಕದಲ್ಲಿ ಹೋಗಿ ಕೂತಾಗ, ಊಟ ಮಾಡಿದೆಯಾ ಎಂದು ಮೆಲ್ಲಗೆ ಕೇಳಿದಳು...

ಆಮೇಲೆ ಅವಳು ಮನೆಮನೆಯ ಪಾತ್ರೆ ತಿಕ್ಕಿ ಬದುಕಿದಳು. ಓಣಿಯವರು 'ಡುಪ್ಲಿಕೇಟ್ ಪೊಲೀಸ್' ಎಂದು ಹೆಸರಿಟ್ಟರು. ಮಗಳು ಆ ಹೆಸರನ್ನು ತಾಳಲಾರದೆ, ಮುಂಡಗೋಡ ಕಡೆಯ ಪಾಳಾ ಎಂಬ ಊರಿಗೆ ಮದುವೆಯಾಗಿ ಹೋದವಳು ತವರಿಗೆ ಬರುವುದನ್ನೇ ಬಿಟ್ಟಳು. ನಾನು ಓದು ಮುಗಿಸಿದೆ, ಕೆಲಸಕ್ಕೆ ಸೇರಿದೆ. ಮಾವಶಿ ಹೋದ ವರ್ಷ ತೀರಿಕೊಂಡಳು.

ಬ್ಯಾಂಕಿನ ಮೆಟ್ಟಿಲಿಂದ ಇಳಿದ ಮರುದಿನವೇ ಪಾಳಾದ ಬಸ್ಸು ಹತ್ತಿದೆ. ಮಗಳು ಅಂಗಳದಲ್ಲಿ ಗೋವಿನಜೋಳ ಒಣಗಿಸುತ್ತಿದ್ದಳು. ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕಾಳಿನಲ್ಲಿ ಕೈಯಾಡಿಸುತ್ತಲೇ ಹೇಳಿದಳು:

"ಯಾಕ ಹಿಂಗ ಮಾಡಿದಿ ಅಂತ ಅವ್ವಗ ನಾನೂ ಕೇಳಿದ್ದೆ ಅಕ್ಕಾ. ಕೋರ್ಟಿನ್ಯಾಗ ಹೇಳಿದ್ದನ್ನ ನನಗೂ ಹೇಳಿದ್ಲು. ನಾ ನಂಬಿಬಿಟ್ಟೆ."

ಆಮೇಲೆ ಎದ್ದು ಒಳಗಿದ್ದ ಅತ್ತೆಯನ್ನು, ಹೊಲದಲ್ಲಿದ್ದ ಗಂಡನನ್ನು ಕರೆದು ತಂದು ನನ್ನ ಮುಂದೆ ಕೂರಿಸಿದಳು. "ಈಗ ಇವರ ಮುಂದ ಹೇಳ್ರಿ" ಎಂದಳು.

ನಾನು ಎದ್ದು ನಿಂತು ಮೊದಲಿನಿಂದ ಹೇಳಿದೆ. ಎಲ್ಲರೂ ಕೇಳಿದರು. ಕೇಳಬೇಕಾಗಿದ್ದವಳೊಬ್ಬಳು ಮಾತ್ರ ಅಲ್ಲಿರಲಿಲ್ಲ.