ತಣ್ಣಗಿನ ಬಾನೆಟ್ಟಿನ ಮೇಲೊಂದು ಅಂಗೈ

ಬೆಳಗಿನ ಐದೂ ಮುಕ್ಕಾಲು. ಹಳೇ ಕಾರುಗಳ ಷೆಡ್ಡಿನ ಯಜಮಾನ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಮಹಡಿಯಿಂದ ಇಳಿಯುತ್ತಿದ್ದಾನೆ. ಅಷ್ಟರಲ್ಲಿ ಐವತ್ತೆರಡರ ಹೆಂಗಸೊಬ್ಬರು ಸ್ಕೂಟರ್ ನಿಲ್ಲಿಸಿ, ಮಿರಮಿರ ಮಿಂಚುವ ಕಪ್ಪು ಯುರೋಪಿಯನ್ ಕಾರಿನ ಬಾನೆಟ್ಟಿನ ಮೇಲೆ ಜ್ವರ ನೋಡುವ ತಾಯಿಯಂತೆ ಅಂಗೈ ಇಟ್ಟಾಗಿದೆ. ತಣ್ಣಗಿದೆ. ಮುಖ ಅರಳುತ್ತದೆ.

ಈ ಮೆಕ್ಯಾನಿಕ್ಕನ್ನು ಎಲ್ಲರೂ ಕರೆಯುವುದು ಕಿವಿಯಕ್ಕ ಎಂದೇ. ಸೆಕೆಂಡ್‌ಹ್ಯಾಂಡ್ ಐಷಾರಾಮಿ ಕಾರು ಕೊಳ್ಳುವವರು ಮೊದಲು ಇವರನ್ನು ಕರೆತರುತ್ತಾರೆ. ತಣ್ಣಗಾದ ಎಂಜಿನ್ ಮೊದಲ ಸಲ ಎದ್ದಾಗಿನ ಸದ್ದು, ಇವರಿಗೆ ಬೇಕಾದದ್ದು ಅಷ್ಟೇ. ಬಿಸಿ ಎಂಜಿನ್ ಎಷ್ಟೇ ಸಾಚಾ ಮುಖ ಮಾಡಿದರೂ ನಂಬುವವರಲ್ಲ. ಮೂರು ದಿನದ ಹಿಂದೆ ಏಳು ಗಂಟೆಗೆ ಬಂದಾಗ ಯಜಮಾನ ಮೊದಲೇ ಚಾಲೂ ಮಾಡಿಟ್ಟಿದ್ದ, ಇದೇ ಬಾನೆಟ್ ಬೆಚ್ಚಗಿತ್ತು. ಆಗ ವಾಪಸು ಹೋದವರು ಇವತ್ತು ಹೇಳದೆ ಕೇಳದೆ ಬಂದಿದ್ದಾರೆ.

ಕಾರು ಕೊಳ್ಳಲೆಂದು ಜೊತೆಗೆ ಬಂದಿರುವವರು ನಿವೃತ್ತ ಡ್ರೈವರ್. ಮೂವತ್ತೊಂದು ವರ್ಷ ಇಂಥ ಕಾರುಗಳನ್ನು ಧಣಿಗಳಿಗಾಗಿ ಓಡಿಸಿದವರು, ಹಿಂದಿನ ಸೀಟಿನಲ್ಲಿ ಒಮ್ಮೆಯೂ ಕೂತಿಲ್ಲ. ಉಳಿತಾಯವನ್ನೆಲ್ಲ ಸುರಿದು ಹೆಂಡತಿಯನ್ನು ಅಲ್ಲಿ ಕೂರಿಸುವ ಆಸೆ. ಆಯ್ಕೆ ತಪ್ಪಿದರೆ ಇನ್ನೊಂದಕ್ಕೆ ಕೈ ಖಾಲಿ.

ಯಜಮಾನ ಕೀಲಿ ತಿರುಗಿಸುತ್ತಾನೆ. ಕಿವಿಯಕ್ಕ ಕಣ್ಣು ಮುಚ್ಚುತ್ತಾರೆ. ಎರಡು ಸೆಕೆಂಡು ಕಟಕಟ, ಆಮೇಲೆ ಎಂಜಿನ್ ನಯವಾಗಿ ಗುನುಗುತ್ತದೆ.

"ಬೇಡ ಅಣ್ಣ. ಒಳಗಿನ ಚೈನು ಸಡಿಲ ಆಗಿದೆ. ಆಯಿಲ್ ಏರಿದ ಮೇಲೆ ಸದ್ದು ಅಡಗುತ್ತೆ, ರೋಗ ಅಡಗಲ್ಲ."

"ಬೆಳ್ಳಂಬೆಳಿಗ್ಗೆ ಹೊಟ್ಟೆ ಮೇಲೆ ಹೊಡೀತೀರಲ್ಲ ಅಕ್ಕ," ಎಂದು ಯಜಮಾನ ಗೊಣಗುತ್ತಾನೆ. ಡ್ರೈವರ್ ಮುಖ ಸಪ್ಪಗಾಗುತ್ತದೆ.

"ಇಂಥವು ಕೆಟ್ಟ ಕಾರಲ್ಲ," ಎಂದು ಕಿವಿಯಕ್ಕ ಸಮಾಧಾನ ಹೇಳುತ್ತಾರೆ. "ಬಾಗಿಲು ಹಾಕಿದ್ರೆ ಗಲಾಟೆಯೆಲ್ಲ ಹೊರಗೇ. ಎಷ್ಟು ದೂರ ಹೋದ್ರೂ ಬೆನ್ನು ನೋಯಲ್ಲ. ಆದ್ರೆ ಹಳೇದಾದ ಮೇಲೆ ಕಾರಿನ ಬೆಲೆ ಇಳಿಯುತ್ತೆ, ಬಿಡಿಭಾಗದ ಬೆಲೆ ಇಳಿಯಲ್ಲ."

ಕಿವಿಯಕ್ಕ ಕೆಲಸ ಕಲಿತದ್ದು ಅಪ್ಪನ ಗ್ಯಾರೇಜಿನಲ್ಲಿ. "ಹೆಂಗಸು ಅಂತ ಗಿರಾಕಿಗಳು ಬಾನೆಟ್ ಎತ್ತೋಕೆ ಬಿಡ್ತಿರಲಿಲ್ಲ. ದೂರ ನಿಂತು ಕೇಳಿಸ್ಕೊಳ್ತಿದ್ದೆ. ಅದೇ ಒಳ್ಳೇದಾಯ್ತು." ಬಿಸಿ ಎಂಜಿನ್ ಕೇಳಿ ಹೂಂ ಅಂದದ್ದು ಒಂದೇ ಸಲ, ಅದೂ ಸ್ವಂತ ಅಣ್ಣನಿಗೆ. ಆ ಕಾರು ಬಿಡಿಭಾಗಕ್ಕಾಗಿ ಕಾಯುತ್ತ ಎಂಟು ತಿಂಗಳು ಮನೆಮುಂದೆ ನಿಂತಿತು. "ಅತ್ತಿಗೆ ಅದರ ಮೇಲೆ ಬಟ್ಟೆ ಒಣಹಾಕ್ತಿದ್ರು," ಎಂದು ಈಗ ನಗುತ್ತಾರೆ. ಅಂದಿನಿಂದ ವಾರಕ್ಕೆ ಹತ್ತು ಕಾರು ನೋಡಿದರೆ ಹೂಂ ಎನ್ನುವುದು ಮೂರಕ್ಕೆ.

ಮೂಲೆಯಲ್ಲಿ ಬಣ್ಣ ಮಾಸಿದ ಬೂದು ಕಾರೊಂದಿದೆ. ಯಜಮಾನ ಅದನ್ನು ತೋರಿಸಿಯೇ ಇರಲಿಲ್ಲ. ಕಿವಿಯಕ್ಕ ಅಂಗೈ ಇಡುತ್ತಾರೆ, ಚಾಲೂ ಮಾಡಿಸುತ್ತಾರೆ, ತುಂಬ ಹೊತ್ತು ಕೇಳುತ್ತಾರೆ.

"ಇದನ್ನ ತಗೊಳ್ಳಿ. ಎಸಿ ಆಗಾಗ ಮುನಿಸ್ಕೊಳ್ಳುತ್ತೆ, ಎಂಜಿನ್ ಗಟ್ಟಿ."

ಅಭ್ಯಾಸಬಲದಿಂದ ಡ್ರೈವರ್ ಮುಂದಿನ ಬಾಗಿಲಿಗೆ ಕೈ ಹಾಕುತ್ತಾರೆ. ಕಿವಿಯಕ್ಕ ತಡೆಯುತ್ತಾರೆ.

"ನೀವು ಹಿಂದೆ ಕೂತ್ಕೊಳ್ಳಿ ಅಣ್ಣ. ಒಂದು ಸುತ್ತು ನಾನು ಓಡಿಸ್ತೀನಿ."

ಹಿಂದೆ ಕೂತವರಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಗೇಟು ದಾಟಿದ ಮೇಲೆ ಮೆಲ್ಲಗೆ ಕೇಳುತ್ತಾರೆ: "ನಿಮಗೂ ಇಂಥದ್ದೊಂದು ಬೇಡ್ವಾ ಅಕ್ಕ?"

"ನಂಗೆ ಸ್ಕೂಟರ್ ಸಾಕು. ದಿನಾ ಬೆಳಿಗ್ಗೆ ಎಷ್ಟೋ ಮನೆ ಮುಂದೆ ನಾನು ಹೂಂ ಅಂದ ಕಾರುಗಳು ಎದ್ದು ನನ್ನ ಮಾತು ಉಳಿಸ್ತಾವೆ."